ಬೆಣ್ಣಿಯ ಚಿಗಟ ಎಣಿಸಿದ ನಲವತ್ತು ದಿನ

ದಿನ 1, ಶನಿವಾರ. ಹೆಣ್ಣು ಬೆಕ್ಕು, ಉದ್ದ ಕೂದಲಿನ ಪರ್ಷಿಯನ್, ಮೂರು ವರ್ಷ, ತೂಕ ಮೂರು ಕಿಲೋ ನೂರು ಗ್ರಾಂ. ಒಸಡು ಬಿಳಿಚಿದೆ. ಬೆನ್ನು, ಕಂಕುಳು, ಹೊಟ್ಟೆ, ಬಾಲದ ಬುಡ ಪೂರ್ತಿ ಜಡೆಗಟ್ಟಿದೆ. ಚಿಗಟ ಇವೆ.

ನನ್ನ ಪುಸ್ತಕದಲ್ಲಿ ಬೆಣ್ಣಿಯ ಪುಟ ಹೀಗೆ ಶುರುವಾಗುತ್ತದೆ. ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಒಂದು ಸಣ್ಣ ಪ್ರಾಣಿ ದವಾಖಾನೆಯಲ್ಲಿ ನಾನು ಸಹಾಯಕಿ. ಸೂಜಿ ಮತ್ತು ಆಪರೇಷನ್ ಡಾಕ್ಟರದ್ದು. ಉಗುರು, ಕೂದಲು, ಚಿಗಟ, ಉಣ್ಣಿ ನನ್ನದು. ಬಂದ ಪ್ರತಿ ಪ್ರಾಣಿಗೆ ಒಂದು ಪುಟ ತೆಗೆದು, ಖಾನೆ ಹಾಕಿ, ಎಣಿಸಿದ್ದನ್ನೆಲ್ಲ ಬರೆಯುತ್ತೇನೆ. ಬೇರೆ ಪ್ರಾಣಿಗಳಿಗೆ ಒಂದೇ ಪುಟ ಸಾಕಾಗುತ್ತದೆ. ಬೆಣ್ಣಿಗೆ ಹನ್ನೆರಡು ಬೇಕಾದವು.

ಅವಳನ್ನು ಟಿಕೋಟಾದಿಂದ ತಂದವರು ಇಬ್ಬರು. ಎದೆಯವರೆಗೆ ಗಡ್ಡ ಬಿಟ್ಟ ಒಬ್ಬ ಯುವಕ, ಮತ್ತು ಅವರ ಅತ್ತೆ. ಅತ್ತೆಯನ್ನು ನಾನು ಮೊದಲ ದಿನದಿಂದಲೂ ಅವ್ವಾರ ಎಂದೇ ಕರೆದೆ. ಬೆಕ್ಕು ಅವ್ವಾರ ಮಗಳದ್ದು. ಮಗಳು ಚೊಚ್ಚಲ ಬಸುರಿ, ತುಂಬ ವಾಂತಿಯಾಗುತ್ತಿದ್ದುದರಿಂದ ಐದು ತಿಂಗಳ ಹಿಂದೆಯೇ ತವರಿಗೆ ಬಂದಿದ್ದರು, ಬೆಕ್ಕಿನ ಸಮೇತ. ಗಡ್ಡದವರು ಆಕೆಯ ಗಂಡ. ತಮ್ಮ ಊರಲ್ಲಿ ನೌಕರಿ ಮಾಡುತ್ತ ಶನಿವಾರಕ್ಕೊಮ್ಮೆ ಟಿಕೋಟಾಕ್ಕೆ ಹೋಗಿಬರುತ್ತಿದ್ದರು.

ಡಾಕ್ಟರು ಒಂದು ಜಡೆಯ ಅಂಚನ್ನು ಬೆರಳಿನಿಂದ ಎತ್ತಿ ತೋರಿಸಿದರು. ಕೆಳಗೆ ಚರ್ಮ ಕೆಂಪಗೆ, ಹಸಿಹಸಿಯಾಗಿತ್ತು.

"ಇದನ್ನ ಪೂರ್ತಿ ಬೋಳಸಬೇಕ್ರಿ."

"ಬೋಳಸಂಗಿಲ್ಲ" ಎಂದರು ಅವ್ವಾರು. "ಬಸುರಿ ಇರೋ ಮನ್ಯಾಗ ಯಾರ ಕೂದಲಿಗೂ ಕತ್ತರಿ ಹಚ್ಚಂಗಿಲ್ಲ. ಅಳಿಯಂದ್ರನ್ನ ನೋಡ್ರಿ. ಅವರೂ ಬಿಟ್ಟಾರ, ಬೆಕ್ಕಿಂದೂ ಬಿಟ್ಟೇವಿ."

ಹೆಂಡತಿ ಬಸುರಿದ್ದಾಗ ಗಂಡ ಕ್ಷೌರ ಮಾಡಿಸದಿರುವುದು ನಮ್ಮ ಕಡೆಗೂ ಇದೆ. ಬೆಕ್ಕಿಗೂ ಆ ನೇಮ ಹಚ್ಚಿದ್ದನ್ನು ಅವತ್ತೇ ಕೇಳಿದ್ದು. ಬಾಚಿದರೆ ಎಳೆ ಕಿತ್ತು ಬರುತ್ತವೆಂದು ಐದು ತಿಂಗಳಿನಿಂದ ಬಾಚುವುದನ್ನೂ ಬಿಟ್ಟಿದ್ದರು. ಉದ್ದ ಕೂದಲಿನ ಬೆಕ್ಕನ್ನು ಒಂದು ದಿನ ಬಿಟ್ಟು ಒಂದು ದಿನವಾದರೂ ಬಾಚಬೇಕು. ಇಲ್ಲವಾದರೆ ಕೂದಲು ಕಂಬಳಿಯ ಹಾಗೆ ಬಿಗಿದುಕೊಂಡು, ಒಳಗೆ ಗಾಳಿಯಾಡದೆ ಚರ್ಮ ಕೊಳೆಯುತ್ತದೆ. ಚಿಗಟಗಳಿಗೆ ಅದು ಬೆಚ್ಚಗಿನ ಮನೆ.

"ಯವ್ವಾ, ಅಳಿಯಂದ್ರ ಗಡ್ಡದಾಗ ಹುಳ ಬಿದ್ದಿಲ್ಲ, ಬೆಕ್ಕಿನ ಮೈಯಾಗ ಬಿದ್ದಾವ" ಎಂದರು ಡಾಕ್ಟರು.

"ಗಡ್ಡದಾಗ ಯಾರೂ ಹುಡುಕಿಲ್ರಿ ಇನ್ನಾ" ಎಂದರು ಅಳಿಯ. ಅತ್ತೆ ಅವರತ್ತ ನೋಡಿದ ಮೇಲೆ ಬೆಕ್ಕಿನ ತಲೆ ಸವರತೊಡಗಿದರು.

ಅವ್ವಾರು ಇನ್ನೊಮ್ಮೆ ಆ ಜಡೆಯ ಅಂಚನ್ನು ಎತ್ತಿ ನೋಡಿದರು. ಆಮೇಲೆ ಎರಡು ಕರಾರು ಹಾಕಿದರು. ಕ್ಷೌರ ಇಲ್ಲೇ ಆಗಬೇಕು, ಬಸುರಿಯ ಛತ್ತಿನ ಕೆಳಗೆ ಆಗಬಾರದು. "ಮತ್ತ ಬೋಳಿಸಿದ ಕೂದಲಾ ಒಂದ ಎಳಿ ಬಿಡದಂಗ ನನ್ನ ಕೈಯಾಗ ಕೊಡಬೇಕು."

"ಯಾಕ್ರಿ ಅವ್ವಾರ?" ಎಂದೆ.

"ಬಸುರಿ ಮನಿ ಕೂದಲಾ ಮಂದಿ ಕೈಗೆ ಸಿಗಬಾರದು. ಯಾರ್ ಏನ್ ಮಾಡ್ತಾರೋ ಯಾರಿಗ್ ಗೊತ್ತು. ಹೊಳಿಗೆ ಬಿಡ್ತೇನಿ ನಾ."

ಹೇಳುವಾಗ ಅವರು ನೋಡುತ್ತಿದ್ದದ್ದು ನನ್ನ ಕೈಗಳನ್ನು.

ಕ್ಷೌರಕ್ಕೆ ಒಂದು ತಾಸು ಐವತ್ತು ನಿಮಿಷ ಹಿಡಿಯಿತು. ಮೊದಲು ಮೈ ತೊಳೆಯುವಂತಿಲ್ಲ, ನೀರು ಬಿದ್ದರೆ ಜಡೆ ಇನ್ನೂ ಬಿಗಿಯುತ್ತದೆ. ಕತ್ತರಿಯನ್ನೂ ಹಾಕುವಂತಿಲ್ಲ. ಬೆಕ್ಕಿನ ಚರ್ಮ ಕಾಗದದಷ್ಟು ತೆಳು, ಜಡೆಯ ಜೊತೆ ಮೇಲೆದ್ದು ಬರುತ್ತದೆ. ಜಡೆ ಯಾವುದು, ಚರ್ಮ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಕ್ಷೌರದ ಮಶೀನಿನ ಹತ್ತನೇ ನಂಬರಿನ ಬ್ಲೇಡನ್ನು ಚರ್ಮಕ್ಕೆ ಮಟ್ಟವಾಗಿ ಇಟ್ಟು, ಎಡಗೈಯಿಂದ ಚರ್ಮವನ್ನು ಎಳೆದು ಹಿಡಿದು, ಜಡೆಯ ಕೆಳಗೆ ಕೂದಲಿದ್ದ ದಿಕ್ಕಿಗೇ ಮಶೀನು ನಡೆಸಬೇಕು. ಎರಡು ನಿಮಿಷಕ್ಕೊಮ್ಮೆ ಬ್ಲೇಡನ್ನು ನನ್ನ ಮಣಿಕಟ್ಟಿಗೆ ಮುಟ್ಟಿಸಿ ನೋಡಿದೆ. ಬಿಸಿಯಾದಾಗ ನಿಲ್ಲಿಸಿದೆ. ಒಟ್ಟು ಹದಿನೇಳು ಸಲ ನಿಲ್ಲಿಸಿದೆ. ಬೆನ್ನು ಮೊದಲು, ಪಕ್ಕೆ ಆಮೇಲೆ, ಕಂಕುಳು ಮತ್ತು ಹೊಟ್ಟೆ ಕೊನೆಗೆ. ತಲೆ, ಪಾದ, ಬಾಲದ ತುದಿ ಹಾಗೇ ಬಿಟ್ಟೆ. ಅಳಿಯ ಟವೆಲ್ಲಿನಲ್ಲಿ ಬೆಕ್ಕಿನ ಮುಂಗಾಲು ಹಿಡಿದಿದ್ದರು. ಅವ್ವಾರು ಸ್ಟೂಲಿನ ಮೇಲೆ ಕೂತು, ನೆಲಕ್ಕೆ ಬಿದ್ದ ಪ್ರತಿ ತುಂಡನ್ನೂ ಕಣ್ಣಿನಿಂದ ಹಿಂಬಾಲಿಸುತ್ತಿದ್ದರು.

ಉಳಿದ ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ, ಸಿಕ್ಕಿದ್ದನ್ನು ಸಾಬೂನು ನೀರಿನ ಬಟ್ಟಲಿಗೆ ಬಿಟ್ಟೆ. ಚಿಗಟ ಬರಿ ನೀರಿನಲ್ಲಿ ಮುಳುಗುವುದಿಲ್ಲ, ಸಾಬೂನು ಬೆರೆತರೆ ಮುಳುಗುತ್ತದೆ. ಅರವತ್ತೊಂದು ಎಣಿಸಿದೆ. ಬಾಚಣಿಗೆಯ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿ ಅವ್ವಾರಿಗೆ ತೋರಿಸಿದೆ. ಅದರ ಸುತ್ತ ಕೆಂಪು ಹರಡಿತು.

"ಇದು ಚಿಗಟದ ಹಿಕ್ಕಿರಿ. ಬೆಕ್ಕಿನ ರಕ್ತಾನ ಕುಡದು ಹಾಕಿದ್ದು. ಅದಕ್ಕ ಒಸಡು ಬೆಳ್ಳಗಾಗೇತಿ."

ಅವ್ವಾರು ಹತ್ತಿಯನ್ನು ನೋಡಿ, ನನ್ನನ್ನು ನೋಡಿ, ಹೂಂ ಅಂದರು. ಆಮೇಲೆ ಕೈ ಚಾಚಿ ನಿಂತರು. ನಾನು ನೆಲ ಗುಡಿಸಿ, ಕೂದಲನ್ನೆಲ್ಲ ಅವರದೇ ಹಸಿರು ಬಟ್ಟೆ ಚೀಲಕ್ಕೆ ತುಂಬಿ, ತೂಗಿ ಕೊಟ್ಟೆ. ನೂರ ನಲವತ್ತು ಗ್ರಾಂ. ಬೆಕ್ಕಿನ ಹೊಸ ತೂಕ ಎರಡು ಕಿಲೋ ಒಂಬೈನೂರ ಅರವತ್ತು. ಲೆಕ್ಕ ಕೂಡಿತು. ಹೊರಗೆ ಇನ್ನೊಂದು ನಾಯಿ ಕಾಯುತ್ತಿತ್ತು. ಅವತ್ತಿನ ಪುಟದಲ್ಲಿ ಒಂದು ಖಾನೆ ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ.

ದಿನ 5, ಬುಧವಾರ. ಚರ್ಮ ಹಸಿಯಿದ್ದ ಕಾರಣ ಚಿಗಟದ ಔಷಧಿಯನ್ನು ಮೊದಲ ದಿನ ಹಾಕಿರಲಿಲ್ಲ. ವಾರಕ್ಕೆ ಎರಡು ಸಲ, ಬುಧವಾರ ಮತ್ತು ಶನಿವಾರ, ಟಿಕೋಟಾಕ್ಕೆ ಹೋಗಿ ನೋಡಿ ಬಾ ಎಂದು ಡಾಕ್ಟರು ಹೇಳಿದ್ದರು. ಬಸ್ಸಿಗೆ ಹೋದೆ. ಮನೆಯ ಪಡಸಾಲೆಯಲ್ಲಿ ಹುಟ್ಟುವ ಕೂಸಿಗೆ ಕೌದಿ ಹೊಲಿಯುವ ಕೆಲಸ ನಡೆದಿತ್ತು. ಓಣಿಯ ಇಬ್ಬರು ಹೆಣ್ಣುಮಕ್ಕಳು ಅವ್ವಾರ ಜೊತೆ ಕೂತು, ಹಳೆ ಸೀರೆಗಳ ಪದರಕ್ಕೆ ದಾರ ಹಾಕುತ್ತಿದ್ದರು. ಬೋಳು ಮೈಯ, ದೊಡ್ಡ ತಲೆಯ ಬೆಣ್ಣಿಯನ್ನು ನೋಡಿದಾಗಲೆಲ್ಲ ಅವರಿಗೆ ನಗೆ ತಡೆಯುತ್ತಿರಲಿಲ್ಲ.

"ಏನ್ ಬೇ ಇದು? ಬೆಕ್ಕು ಕಳಿಸಿದ್ರ ಮಂಗ ಬಂದೈತಿ."

ಬಾಚಣಿಗೆಯಲ್ಲಿ ಏಳು ಬಂದವು. ಚರ್ಮ ಒಣಗಿತ್ತು. ತೂಕಕ್ಕೆ ಸರಿಯಾದ ಔಷಧಿಯ ಟ್ಯೂಬನ್ನು ಕತ್ತಿನ ಹಿಂಭಾಗದಲ್ಲಿ, ನಾಲಿಗೆ ಮುಟ್ಟದ ಜಾಗದಲ್ಲಿ, ಚರ್ಮಕ್ಕೇ ತಾಗಿಸಿ ಹಿಂಡಿದೆ. ನಾಯಿಗೆ ಹಾಕುವ ಉಣ್ಣಿ ಔಷಧಿ, ದ್ರಾಕ್ಷಿಗೆ ಹೊಡೆಯುವ ಔಷಧಿ ಯಾವುದನ್ನೂ ಬೆಕ್ಕಿಗೆ ಮುಟ್ಟಿಸಬೇಡಿ, ಬೆಕ್ಕು ಸಾಯುತ್ತದೆ ಎಂದು ಎರಡು ಸಲ ಹೇಳಿದೆ. ನಾನು ಬರೆದುಕೊಳ್ಳುವುದನ್ನು ಅವ್ವಾರು ನೋಡುತ್ತಿದ್ದರು.

"ಏನ್ ಬರ್ಕೋತಿ ಅಷ್ಟಾಕೊಂಡ? ನಮ್ಮ ಮನಿ ಜನಗಣತಿ ಏನ?"

"ಹುಳದ ಲೆಕ್ಕರಿ."

"ಹಂಗಾರ ನಂದೂ ಒಂದ ಲೆಕ್ಕ ಬರ್ಕೋ. ಕೂಸು ಮನಿಗೆ ಬರೋದ್ರಾಗ ಇದರ ಮೈಯಾಗ ಒಂದ ಹುಳನೂ ಇರಬಾರದು. ಇದ್ರ ಬೆಕ್ಕು ಹೊನವಾಡದ ತೋಟಕ್ಕ."

ಗೋಡೆಗೆ ಒರಗಿ ಕೂತಿದ್ದ ಮಗಳು ಬೆಕ್ಕನ್ನು ಹತ್ತಿರ ಎಳೆದುಕೊಂಡರು. ಹೊನವಾಡದಲ್ಲಿ ಅವರ ದ್ರಾಕ್ಷಿ ತೋಟವಿದೆ, ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಶೆಡ್ಡಿದೆ, ಶೆಡ್ಡಿಗೆ ಕಾವಲಿರುವ ನಾಲ್ಕು ನಾಯಿಗಳಿವೆ. ಬಾಗಿಲ ತನಕ ನನ್ನ ಜೊತೆ ಬಂದು ಮಗಳು ಸಣ್ಣ ದನಿಯಲ್ಲಿ ಹೇಳಿದರು. "ಅಲ್ಲಿ ಬಿಟ್ರ ಎರಡ ದಿನಾನೂ ಉಳಿಯಂಗಿಲ್ಲ ಇದು. ಗಿಡ ಏರಾಕೂ ಬರಂಗಿಲ್ಲ. ನೀವ ಏನಾರ ಮಾಡ್ರಿ."

ದಿನ 8: ಸೊನ್ನೆ. ಆ ಪುಟದಲ್ಲಿ ಇನ್ನೊಂದು ಸಾಲಿದೆ. "ಪಡಸಾಲೆಯ ಮೂಲೆಯಲ್ಲಿ ಕೌದಿ ಬಟ್ಟೆಯ ಗಂಟು ಏಳು. ಬೆಕ್ಕು ಮಲಗುವುದು ಅವುಗಳ ಮೇಲೆ." ದಿನ 12: ಸೊನ್ನೆ. ಒಸಡಿಗೆ ಸ್ವಲ್ಪ ಗುಲಾಬಿ ಬಂದಿದೆ. ಪುಟ ಮುಚ್ಚಬಹುದು ಎಂದರು ಡಾಕ್ಟರು. ಇನ್ನೂ ಎರಡು ಭೇಟಿ ಇರಲಿ ಎಂದೆ.

ದಿನ 15: ಒಂದು. ದಿನ 19: ಒಂಬತ್ತು.

ಒಂಬತ್ತು ಎಂದು ಬರೆಯುವ ಮೊದಲು ಇನ್ನೊಂದು ಸಲ ಎಣಿಸಿದೆ. ಅವ್ವಾರು ಬಟ್ಟಲಿನಲ್ಲಿ ಬಗ್ಗಿ ನೋಡಿದರು.

"ನಿಮ್ಮ ದವಾಖಾನ್ಯಾಗಿಂದ ಬಂದಾವ ಇವು" ಎಂದರು, ಹೊಲಿಯುತ್ತಿದ್ದವರಿಗೆ ಕೇಳುವ ಹಾಗೆ. "ನಮ್ಮ ಬೆಕ್ಕಿಗೆ ಇದ್ದವನ್ನೆಲ್ಲ ಬೋಳಿಸಿ ಒಗದ್ರಿ, ಅಂದಮ್ಯಾಲ ಇವೆಲ್ಲಿಂದ ಬಂದು? ಆ ಟೇಬಲ್ ಮ್ಯಾಲ ಎಷ್ಟ ಊರ ನಾಯಿ ಮಲಗಿರ್ತಾವ."

ಬೆಕ್ಕಿನ ಕತ್ತು ಮೂಸಿದೆ. ಎಣ್ಣೆಯ ವಾಸನೆ ಬಂತು.

"ಎಣ್ಣಿ ಹಚ್ಚೀರೇನ್ರಿ ಅವ್ವಾರ?"

"ಥಂಡಿಗೆ ಮೈ ಒಡದಿತ್ತು. ಕೊಬ್ಬರಿ ಎಣ್ಣಿ ಹಚ್ಚೇನಿ."

"ಯಾವ ದಿನ್ರಿ? ಔಷಧಿ ಹಾಕಿದ ಮ್ಯಾಲ ಎಷ್ಟ ದಿನಕ್ಕ?"

"ಯಾಕ ಬೇ, ನೀ ಪೊಲೀಸೇನ?"

ಅವತ್ತು ಬಸ್ಸಿನಲ್ಲಿ ಸಂಶಯದ ಒಂದು ಪಟ್ಟಿ ಮಾಡಿದೆ. ಎಣ್ಣೆಯಿಂದ ಔಷಧಿ ಕೆಟ್ಟಿರಬಹುದು. ಪಕ್ಕದ ಮನೆಯ ನಾಯಿ ಕಟ್ಟೆಯ ಮೇಲೆ ಬಂದು ಮಲಗುತ್ತದೆ. ಅಳಿಯ ಪ್ರತಿ ಶನಿವಾರ ಊರಿನಿಂದ ಬರುತ್ತಾರೆ. ಕೌದಿಗೆಂದು ಬಬಲೇಶ್ವರದ ನೆಂಟರ ಮನೆಯಿಂದ ಹಳೆ ಸೀರೆ ಬಂದಿವೆ. ಕೊನೆಯ ಸಾಲಿನಲ್ಲಿ "ನಾನು" ಎಂದು ಬರೆದೆ. ನನ್ನ ಮನೆಯೂ ಬಬಲೇಶ್ವರದಲ್ಲೇ. ಅಂಗಳದಲ್ಲಿ ಎರಡು ಆಡು, ಒಂದು ನಾಯಿ ಇವೆ. ಮನೆಗೆ ಹೋಗಿ ನಮ್ಮ ನಾಯಿಗೆ ಬಾಚಣಿಗೆ ಹಾಕಿದೆ. ಮೂರು ಸಿಕ್ಕವು. ನಮ್ಮವ್ವ ಹೊಸ್ತಿಲಲ್ಲಿ ನಿಂತು, "ಊರ ನಾಯಿ ಮುಗದು ಈಗ ಮನಿ ನಾಯಿಗೆ ಬಂತೇನ ನೌಕರಿ?" ಎಂದಳು. ಮರುದಿನದಿಂದ ಟಿಕೋಟಾಕ್ಕೆ ಹೋಗುವಾಗ ದವಾಖಾನೆಯಲ್ಲೇ ಒಗೆದ ಬಟ್ಟೆ ಹಾಕಿಕೊಂಡು ಹೊರಟೆ. ನಮ್ಮ ಟೇಬಲ್ಲಿನ ಸಂದುಗಳನ್ನೂ ಕುದಿಯುವ ನೀರಿನಿಂದ ತೊಳೆದೆ.

ದಿನ 22, ಶನಿವಾರ. ಬಟ್ಟೆ ಬದಲಿಸಿ ಹೋಗಿದ್ದೆ. ಹದಿನಾಲ್ಕು.

ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದೆ. ಪಕ್ಕದ ಮನೆಯ ನಾಯಿಯನ್ನು ಬಿಸ್ಕಿಟು ಹಾಕಿ ಕರೆದು ಬಾಚಿದೆ. ಅದರ ಮೈಯಲ್ಲಿ ಉಣ್ಣಿ ಇದ್ದವು, ಚಿಗಟ ಇರಲಿಲ್ಲ. ಅಳಿಯ ತಾವೇ ಒಂದು ಬಿಳಿ ಕಾಗದ ಹಾಸಿಕೊಂಡು ಅದರ ಮೇಲೆ ಗಡ್ಡ ಬಾಚಿಕೊಂಡರು. "ಬರ್ಕೋರಿ ತಂಗಿ, ನಂದೂ ಬರ್ಕೋರಿ." ಬರೆದುಕೊಂಡೆ. ಸೊನ್ನೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವಾರು ನಗಲಿಲ್ಲ.

"ನಗ್ರಿ, ನಗ್ರಿ. ಇನ್ನ ಹದಿನೈದು ದಿನ ಐತಿ. ಆಮ್ಯಾಲ ಯಾರ ನಗ್ತಾರ ನೋಡ್ತೇನಿ."

ಮಗಳ ನಗು ನಿಂತಿತು.

ಹಾಸಿಗೆ, ಹೊದಿಕೆ, ಕೌದಿಯ ಬಟ್ಟೆ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ನೆಲದ ಬಿರುಕುಗಳನ್ನು ತೊಳೆಯಬೇಕು ಎಂದೆ. ಹಬ್ಬಕ್ಕಲ್ಲದೆ ಇಷ್ಟು ಒಗೆಯುವುದು ಯಾವ ಸೀಮೆಯ ಪದ್ಧತಿ ಎಂದು ಅವ್ವಾರು ಗೊಣಗಿದರೂ ಸೋಮವಾರ ಇಡೀ ದಿನ ಒಗೆಸಿದರು. ಮಗಳು ಫೋನಿನಲ್ಲಿ ಅಂಗಳದ ಚಿತ್ರ ಕಳಿಸಿದರು. ನಾಲ್ಕು ಹಗ್ಗದ ತುಂಬ ಸೀರೆಗಳು.

ದಿನ 26, ಬುಧವಾರ: ಹನ್ನೆರಡು.

ಹನ್ನೆರಡೂ ಜಿಗಿಯುತ್ತಿದ್ದವು. ಈ ಔಷಧಿ ಇರುವ ಮೈಮೇಲೆ ಚಿಗಟ ಒಂದು ದಿನಕ್ಕಿಂತ ಹೆಚ್ಚು ಬದುಕಬಾರದು. ಅಂದರೆ ಇವು ನಿನ್ನೆ, ಇವತ್ತು ಹತ್ತಿದವು. ಈ ಮನೆಯಲ್ಲೇ ಎಲ್ಲೋ ದಿನಾ ಹೊಸವು ಹುಟ್ಟುತ್ತಿವೆ. ಚಿಗಟ ಮೊಟ್ಟೆಯಿಂದ ಹುಳವಾಗಿ, ಗೂಡು ಕಟ್ಟಿ, ಹೊರಗೆ ಬರಲು ಎರಡು ಮೂರು ವಾರ ಬೇಕು. ಹದಿನೈದನೇ ದಿನದಿಂದ ಹೆಚ್ಚಾಗಿವೆ ಎಂದರೆ ಮೊಟ್ಟೆಗಳು ಮೊದಲ ದಿನದ ಸುಮಾರಿಗೆ ಈ ಮನೆಯ ಒಂದು ಜಾಗಕ್ಕೆ ಬಂದಿವೆ. ಆ ಜಾಗ ಸೋಮವಾರ ನೀರು ಕಂಡಿಲ್ಲ.

ಪಡಸಾಲೆಯ ಮೂಲೆ ನೋಡಿದೆ. ಒಗೆದು ಮಡಚಿದ ಗಂಟುಗಳು ಸಾಲಾಗಿದ್ದವು. ಎಣಿಸಿದೆ. ಆರು. ಹಿಂದಿನ ಪುಟ ತೆಗೆದೆ. ಏಳು.

"ಅವ್ವಾರ, ಏಳು ಗಂಟು ಇದ್ದುವಲ್ರಿ?"

"ಆರ ಇದ್ದು."

"ಎಂಟನೇ ದಿನ ಏಳು ಅಂತ ಬರಕೊಂಡೇನ್ರಿ."

"ನಿನ್ನ ಪುಸ್ತಕ ನಿನಗ. ನನ್ನ ಮನಿ ನನಗ ಗೊತ್ತಿಲ್ಲೇನು?"

ಅವರು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ತಿರುಗಿಸಿದರು. ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಬೆಕ್ಕನ್ನು ಕಳಿಸಲು ಅವರಿಗೆ ನೆಪ ಬೇಕಾಗಿದೆ, ಬೇಕೆಂದೇ ಚಿಗಟ ಉಳಿಸಿಕೊಂಡಿದ್ದಾರೆ ಎಂದು ಪುಸ್ತಕದಲ್ಲಿ ಬರೆಯುವಷ್ಟು ಸಿಟ್ಟು ಬಂದಿತ್ತು. ಬರೆದೂ ಬರೆದೆ. ಬಸ್ಸು ಟಿಕೋಟಾ ದಾಟಿದ ಮೇಲೆ, ಅವರ ವಿರುದ್ಧ ಇನ್ನೇನಾದರೂ ಸಿಗುತ್ತದೋ ಎಂದು ಪುಟಗಳನ್ನು ಹಿಂದಕ್ಕೆ ತಿರುವುತ್ತ ಮೊದಲ ದಿನಕ್ಕೆ ಬಂದೆ.

"ಕೂದಲು: ನೂರ ನಲವತ್ತು ಗ್ರಾಂ, ಹಸಿರು ಚೀಲ, ಮನೆಯವರಿಗೆ ಕೊಟ್ಟೆ." ಅದರ ಪಕ್ಕ "ಸಾಬೂನು ನೀರು" ಎಂಬ ಖಾನೆ. ಖಾಲಿ.

ಚಿಗಟವಿದ್ದ ಪ್ರಾಣಿಯ ಕೂದಲನ್ನು ಮುಚ್ಚಳದ ಬಕೆಟ್ಟಿನ ಬಿಸಿ ಸಾಬೂನು ನೀರಿನಲ್ಲಿ ಅದ್ದದೆ ದವಾಖಾನೆಯಿಂದ ಹೊರಗೆ ಬಿಡುವಂತಿಲ್ಲ. ಆ ನಿಯಮ ಡಾಕ್ಟರದ್ದು. ಆ ಖಾನೆ ಹಾಕಿದವಳು ನಾನು. ಕಂಬಳಿಯಂಥ ಆ ಜಡೆಗಳ ಒಳಗೆ ಮೊಟ್ಟೆ, ಹುಳ, ಹುಳ ತಿನ್ನುವ ಒಣಗಿದ ರಕ್ತ ಎಲ್ಲವೂ ಇದ್ದವು. ಎಲ್ಲವನ್ನೂ ತೂಗಿ, ಚೀಲದಲ್ಲಿ ತುಂಬಿ, ನಾನೇ ಕೈಯಾರೆ ಆ ಮನೆಗೆ ಕಳಿಸಿದ್ದೆ. ಏಳನೆಯ ಗಂಟು ಕೌದಿಯ ಬಟ್ಟೆಯದ್ದಾಗಿರಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಎಳೆದ ಗೆರೆಯನ್ನು ನೋಡುತ್ತ ಕೂತೆ.

ಮರುದಿನ ಡಾಕ್ಟರಿಗೆ ಪುಟ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಆ ಯವ್ವ ಮದಲ ಊರ ತುಂಬ ನಮ್ಮ ಹೆಸರ ಹೇಳಾಕತ್ಯಾಳ. ನೀ ಹೋಗಿ ಹೌದ್ರಿ ನಂದ ತಪ್ಪು ಅಂದ್ರ ನಾಳೆ ಯಾರ್ ಬರ್ತಾರ ಇಲ್ಲಿ? ಹೆಂಗಾರ ಮಾಡಿ ಆ ಚೀಲ ತಗಸು. ಕಾರಣ ಹೇಳಬ್ಯಾಡ."

ಎರಡು ದಿನ ಅದೇ ಯೋಚನೆ. ಕಾರಣ ಹೇಳದೆ ಚೀಲ ಕೇಳಿದರೆ ಅವ್ವಾರು ಕೊಡುವುದಿಲ್ಲ. ಬಸುರಿ ಮನೆಯ ಕೂದಲು ಈ ಹುಡುಗಿಗೆ ಯಾಕೆ ಬೇಕು ಎಂಬ ಸಂಶಯ ಮೊದಲ ದಿನದಿಂದಲೂ ಇದೆ. ಕೇಳಿದಷ್ಟೂ ಬಚ್ಚಿಡುತ್ತಾರೆ. ಮಗಳ ದಿನಗಳು ಹತ್ತಿರವಾಗುತ್ತಿವೆ. ಸುಮ್ಮನಿದ್ದರೆ ಬೆಣ್ಣಿ ನಾಯಿಗಳ ಮುಂದೆ ಹೋಗುತ್ತಾಳೆ. ನಾನು ಮರ್ಯಾದೆ ಉಳಿಸಿಕೊಂಡು ಹೊಸ ಪುಟ ತೆಗೆಯುತ್ತೇನೆ. ಶುಕ್ರವಾರ ಸಂಜೆ ಡಾಕ್ಟರಿಗೆ, "ಹೇಳ್ತೇನ್ರಿ ಸರ್" ಎಂದೆ. ಅವರು ಮುಂದಿನ ನಾಯಿಯನ್ನು ಒಳಗೆ ಕಳಿಸು ಎಂದರು.

ದಿನ 29, ಶನಿವಾರ. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಮಗಳು, ಅಳಿಯ, ಹೊಲಿಯುವ ಇಬ್ಬರು, ಅವ್ವಾರು. ಬಾಚಣಿಗೆ ತೆಗೆಯುವ ಮೊದಲೇ ಹೇಳಿದೆ.

"ಅವ್ವಾರ, ಹುಳ ನಮ್ಮ ದವಾಖಾನ್ಯಾಗಿಂದ ಬಂದಾವ ಅಂದಿದ್ರಿ. ನೀವಂದಿದ್ದು ಖರೇ ಐತ್ರಿ. ಟೇಬಲ್ ಮ್ಯಾಲಿಂದಲ್ಲ. ನಾ ಕೊಟ್ಟ ಚೀಲದಾಗ ಬಂದಾವ. ಕೂದಲಾ ಬಿಸಿನೀರಾಗ ಹಾಕಿ ಕೊಡಬೇಕಿತ್ತು. ಹಾಕದ ಕೊಟ್ಟೆ."

ಹೊಲಿಯುವವರ ಸೂಜಿ ನಿಂತವು. ಅವ್ವಾರು ಮೊಣಕಾಲಿಗೆ ಕೈ ಊರಿ ಎದ್ದು, ಒಳಗಿನ ಕೋಣೆಗೆ ಹೋದರು. ಜೋಳದ ಚೀಲ ಸರಿಸಿದ ಸಪ್ಪಳ ಕೇಳಿತು. ಹಸಿರು ಗಂಟನ್ನು ಹಿಡಿದು ಹೊರಗೆ ಬಂದರು. ಅವರ ಹಿಂದೆ ಬೆಣ್ಣಿಯೂ ಬಂದಳು.

"ಅಮಾಸಿಗೆ ಹೊಳಿಗೆ ಹೋಗಾಕಿ ಇದ್ದೆ" ಎಂದರು. "ಹೋಗೂದ ಆಗಲಿಲ್ಲ. ಒಗಿಯೋ ದಿನ ಇವರು ಬಿಚ್ಚಿ ನೋಡ್ತಾರಂತ ಒಳಗಿಟ್ಟೆ."

"ಅದಕ್ಕನ ಸೋಮಾರದಿಂದ ಅಲ್ಲೇ ಮಲಗಾಕತ್ತೈತಿ" ಎಂದರು ಮಗಳು. "ನಾ ಕರದ್ರೂ ಬರವಲ್ದು."

ಚಳಿಗಾಲದಲ್ಲಿ ಮೈ ಬೋಳಾದ ಬೆಕ್ಕು, ತನ್ನ ವಾಸನೆ ಹಿಡಿದು, ತನ್ನದೇ ಕೂದಲಿನ ಮೇಲೆ ಹೋಗಿ ಮಲಗುತ್ತಿತ್ತು. ನಾನು ಇಪ್ಪತ್ತೊಂಬತ್ತು ದಿನ ಎಲ್ಲರ ಮೇಲೂ ಕಣ್ಣಿಟ್ಟಿದ್ದೆ. ಬೆಕ್ಕು ದಿನಾ ಎಲ್ಲಿ ಮಲಗುತ್ತದೆ ಎಂದು ಎಂಟನೇ ದಿನದ ನಂತರ ಒಮ್ಮೆಯೂ ಬರೆದಿರಲಿಲ್ಲ.

ಅಂಗಳದಲ್ಲಿ ಅಳಿಯನ ಬಿಳಿ ಪಂಚೆಯೊಂದನ್ನು ಹಾಸಿ ಚೀಲ ಬಿಚ್ಚಿದೆ. ಜಡೆಗಳ ನಡುವೆ ಸಣ್ಣ ಬಿಳಿ ಹುಳಗಳು, ಕರಿ ಪುಡಿ, ದೂಳಿನಂಥ ಗೂಡುಗಳು. ಪುಡಿಯ ಮೇಲೆ ನೀರು ಚಿಮುಕಿಸಿದೆ. ಪಂಚೆಯ ಮೇಲೆ ಕೆಂಪು ಚುಕ್ಕೆಗಳು ಮೂಡಿ, ಒಂದಕ್ಕೊಂದು ಕೂಡಿಕೊಂಡವು.

"ಅಯ್ಯ ಶಿವನ" ಎಂದರು ಹೊಲಿಯುವವರಲ್ಲಿ ಒಬ್ಬರು, ಎರಡು ಹೆಜ್ಜೆ ಹಿಂದೆ ಸರಿದು.

ಅವ್ವಾರು ಹಿಂದೆ ಸರಿಯಲಿಲ್ಲ. "ನಿನಗ ಗೊತ್ತಿತ್ತೇನ, ಹಂಗ ಕೊಡಬಾರದಂತ?"

"ಗೊತ್ತಿತ್ರಿ. ನೀವು ಕೈ ಚಾಚಿ ನಿಂತಿದ್ರಿ. ಮಾತ ಬೆಳಸೋದು ಬ್ಯಾಡಂತ ಕೊಟ್ಟೆ."

"ನಾ ಬೇಡಿದ್ರ ಕೊಡೂದೇನು? ನೀ ಕಲತಾಕಿ."

ನಾನು ಪಂಚೆಯ ನಾಲ್ಕೂ ಮೂಲೆಗಳನ್ನು ಕೂಡಿಸಿ ಹಿಡಿದೆ. ಸುಟ್ಟುಬಿಡೋಣ ಎಂದರು ಅಳಿಯ. ಬಸುರಿ ಇರುವ ಮನೆಯಲ್ಲಿ ಕೂದಲು ಸುಟ್ಟ ನಾತ ಬರಕೂಡದು ಎಂದರು ಅವ್ವಾರು. ಕೊನೆಗೆ ಹಂಡೆಯಿಂದ ಕುದಿಯುವ ನೀರು ತಂದು, ಬಕೆಟ್ಟಿಗೆ ಸಾಬೂನು ಹಾಕಿ, ಚೀಲ ಸಮೇತ ಮುಳುಗಿಸಿ, ಮೇಲೆ ಒರಳುಕಲ್ಲಿನ ಗುಂಡು ಹೇರಿದೆವು. ಪಂಚೆಯೂ ಅದರಲ್ಲೇ ಹೋಯಿತು. ಮರುದಿನ ಅಳಿಯ ಆ ಹಿಂಡಿದ ಕೂದಲನ್ನು ಮೋಟರ್ ಸೈಕಲ್ಲಿನ ಮೇಲೆ ಹೊಳೆಗೆ ಒಯ್ದರು. ಒಳಗಿನ ಕೋಣೆಯ ಜೋಳದ ಚೀಲಗಳನ್ನು ಬಿಸಿಲಿಗೆ ಹಾಕಿ, ನೆಲವನ್ನು ಎರಡು ಸಲ ತೊಳೆದೆವು. ಅವ್ವಾರೇ ನೀರು ಹೊಯ್ದರು, ನಾನು ತಿಕ್ಕಿದೆ. ಅವತ್ತಿನ ಎಣಿಕೆ ಹನ್ನೊಂದು.

ದಿನ 33: ಐದು. ದಿನ 36: ಎರಡು. ತಿಂಗಳು ತುಂಬಿದ್ದರಿಂದ ಔಷಧಿಯ ಎರಡನೇ ಟ್ಯೂಬು ಹಾಕಿದೆ. ಆ ಎರಡನ್ನು ನೋಡಿ ಅವ್ವಾರು, "ಎರಡಂದ್ರ ಎರಡ. ಒಂದೂ ಬ್ಯಾಡ ಅಂದೇನಿ" ಎಂದರು. ಬಾಗಿಲ ಹತ್ತಿರ ಬೆಕ್ಕಿನ ಬುಟ್ಟಿಯನ್ನು ತೊಳೆದು ಇಟ್ಟಿದ್ದು ಕಣ್ಣಿಗೆ ಬಿತ್ತು. ಯಾಕೆ ಎಂದು ಕೇಳುವ ಧೈರ್ಯವಾಗಲಿಲ್ಲ. ದಿನ 38ಕ್ಕೆ ಮಗಳ ಫೋನಿನಿಂದ ಅಳಿಯನ ದನಿ ಬಂತು. ಹೆಣ್ಣು ಕೂಸು. ತಾಯಿ ಮಗು ಅರಾಮ. ಬುಧವಾರ ಮನೆಗೆ.

ದಿನ 40, ಬುಧವಾರ. ನಾನು ಮನೆ ಮುಟ್ಟಿದಾಗ ಕಾರು ಆಗಲೇ ಬಂದಿತ್ತು. ಮಗಳು ಕೂಸನ್ನು ಎತ್ತಿಕೊಂಡು ಹೊಸ್ತಿಲ ಹೊರಗೆ, ಅವ್ವಾರು ಆರತಿ ತಟ್ಟೆ ಹಿಡಿದು ಹೊಸ್ತಿಲ ಒಳಗೆ ನಿಂತಿದ್ದರು. ನನ್ನನ್ನು ನೋಡಿ ಅವ್ವಾರು ತಟ್ಟೆಯನ್ನು ಕೆಳಗಿಟ್ಟರು.

"ನಿಂದರ್ರಿ ಸ್ವಲ್ಪ. ಮದಲ ಇದು ಆಗಲಿ."

"ಯವ್ವಾ, ಕೂಸಿಗೆ ಬಿಸಲ ಬಡಿಯಾಕತ್ತೈತಿ" ಎಂದರು ಮಗಳು.

"ಸೆರಗ ಮುಚ್ಚು."

ಎಲ್ಲರೂ ಕಾಯುತ್ತಿರುವಾಗ ಬಿಳಿ ಬಟ್ಟೆ ಹಾಸಿ, ಬೆಣ್ಣಿಯನ್ನು ಕೂಡಿಸಿ, ಕತ್ತಿನಿಂದ ಬಾಲದವರೆಗೆ ಬಾಚಿದೆ. ಬೆನ್ನಿನ ಮೇಲೆ ಬೆರಳಿನ ಅರ್ಧ ಗೆಣ್ಣಿನಷ್ಟು ಹೊಸ ಕೂದಲು ಬಂದಿತ್ತು. ಕಂಕುಳು, ಹೊಟ್ಟೆ, ಕಿವಿಯ ಹಿಂದೆ. ಬಟ್ಟಲಿನಲ್ಲಿ ನೀರು ಹಾಗೇ ಇತ್ತು. ಅವ್ವಾರು ನನ್ನ ಕೈಯಿಂದ ಬಾಚಣಿಗೆ ಇಸಿದುಕೊಂಡು ತಾವೇ ಇನ್ನೊಂದು ಸಲ ಬಾಚಿದರು. ಬಾಲದ ಬುಡದಲ್ಲಿ ಮೂರು ಸಲ. ಬಾಚಣಿಗೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಕೈ ತೊಳೆದುಕೊಂಡು ಆರತಿ ತಟ್ಟೆ ಎತ್ತಿಕೊಂಡರು. ತೊಳೆದಿಟ್ಟಿದ್ದ ಬುಟ್ಟಿಯನ್ನು ಅಳಿಯ ಕಾಲಿನಿಂದ ಮೆಲ್ಲಗೆ ಬಾಗಿಲ ಹಿಂದೆ ತಳ್ಳಿದರು.

ಅಳಿಯನ ಗಡ್ಡ ಇರಲಿಲ್ಲ. ಗಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಹಿಂದಿನ ದಿನ ಬೋಳಿಸಿದ ಗಡ್ಡವನ್ನು ಕ್ಷೌರದವರಿಂದ ಕಾಗದದಲ್ಲಿ ಕಟ್ಟಿಸಿಕೊಂಡು ತಂದಿದ್ದರಂತೆ. ಅಂಗಳದ ಮೂಲೆಯ ಬಕೆಟ್ಟನ್ನು ಅವರು ಕಣ್ಣಿನಿಂದಲೇ ನನಗೆ ತೋರಿಸಿದರು. ಸಾಬೂನು ನೀರು, ಮೇಲೆ ಒರಳುಕಲ್ಲಿನ ಗುಂಡು.

"ಅತ್ತಿಯವರಿಗೆ ನನ್ನ ಮ್ಯಾಲೂ ಭರೋಸಾ ಇಲ್ರಿ" ಎಂದರು.

ಚಹಾ ಕುಡಿದು ಹೊರಡುವಾಗ ಅವ್ವಾರು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿದರು. "ಮದಲನೇ ದಿನದ್ದು ಓದು."

ಓದಿದೆ. ತೂಕ, ಜಡೆ, ಅರವತ್ತೊಂದು, ನೂರ ನಲವತ್ತು ಗ್ರಾಂ, ಹಸಿರು ಚೀಲ, ಮನೆಯವರಿಗೆ ಕೊಟ್ಟೆ. ಸಾಬೂನು ನೀರು: ಇಲ್ಲ. ಆ "ಇಲ್ಲ" ನಾನು ಆಮೇಲೆ ತುಂಬಿದ್ದು.

"ಕೊಟ್ಟೆ ಅಂತ ಅಷ್ಟ ಬರದೀ" ಎಂದರು. "ಯಾರ ಬೇಡಿದ್ರು ಅಂತ ಬರದಿಲ್ಲ. ಬರಿ."

ಅವರು ನೋಡುತ್ತಿರುವಾಗಲೇ "ಅವ್ವಾರು ಬೇಡಿದರು" ಎಂದು ಬರೆದೆ. ಅವರಿಗೆ ಓದಲು ಬರುವುದಿಲ್ಲ. ಏನು ಬರೆದೆ ಎಂದು ಎರಡು ಸಲ ಓದಿಸಿ ಕೇಳಿದರು. ಆಮೇಲೆ ಒಳಗಿದ್ದ ಮಗಳನ್ನು ಕರೆದು, ಅಷ್ಟೇ ಬರೆದಿದ್ದೇನೋ ಇಲ್ಲವೋ ಎಂದು ಅವರಿಂದಲೂ ಒಮ್ಮೆ ಓದಿಸಿದರು.